ಮಳೆಗಾಲ ಬಂದರೆ ಏನೂ ಬೇಡ ಅನಿಸುತ್ತೆ, ಇದು ಕಾಯಿಲೆನಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಒಂದು ಹಳ್ಳಿ. ಜಡಿಮಳೆ ಹಿಡಿಯಿತು ಅಂದರೆ ನನಗೆ ಯಾವುದೂ ಬೇಡ ಅನಿಸುತ್ತೆ. ಎಷ್ಟು ಮಲಗಿದರೂ ನಿದ್ದೆ ಸಾಲಲ್ಲ. ಒಲೆ ಮುಂದೆ ಹೋಗೋಕೂ ಮನಸ್ಸು ಬರಲ್ಲ. ಸುಮ್ನೆ ಕಣ್ಣಲ್ಲಿ ನೀರು ಬರುತ್ತೆ. ದಸರಾ ಹೊತ್ತಿಗೆ ತಾನಾಗೇ ಸರಿಹೋಗುತ್ತೆ. ಮನೆಯಲ್ಲಿ ಎಲ್ಲರೂ ಸೋಮಾರಿತನ ಅಂತಾರೆ. ವಿದೇಶದಲ್ಲಿ ಚಳಿಗಾಲಕ್ಕೆ ಹೀಗಾಗುತ್ತೆ ಅಂತ ಎಲ್ಲೋ ಓದಿದೆ. ನನ್ನದೂ ಅದೇನಾ? ಏನು ಮಾಡಲಿ?

ಉತ್ತರ: ಮೊದಲು ಆ ಸೋಮಾರಿತನದ ಮಾತು ಬಿಟ್ಟುಬಿಡಿ. ವರ್ಷದ ಎಂಟು ತಿಂಗಳು ಮನೆ, ಕೊಟ್ಟಿಗೆ, ತೋಟ ಎಲ್ಲವನ್ನೂ ನೋಡಿಕೊಳ್ಳುವವರು ಉಳಿದ ನಾಲ್ಕು ತಿಂಗಳು ಮಾತ್ರ ಸೋಮಾರಿ ಆಗುವುದಿಲ್ಲ. ಮಲೆನಾಡಿನಿಂದ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ತಮ್ಮದೇ ತಪ್ಪು ಅಂದುಕೊಂಡಿರುತ್ತಾರೆ. ಅದೇ ನನಗೆ ಬೇಸರ.

ನೀವು ಓದಿದ ಚಳಿಗಾಲದ ಖಿನ್ನತೆ ನಿಜ. ಅದನ್ನು 1984ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ಮತ್ತು ಅವರ ಜೊತೆಗಾರರು ವಿವರವಾಗಿ ಬರೆದರು. ರೋಸೆಂತಾಲ್ ಬಿಸಿಲಿನ ದಕ್ಷಿಣ ಆಫ್ರಿಕಾದಿಂದ ಅಲ್ಲಿಗೆ ಹೋದವರು. ಚಳಿಗಾಲದಲ್ಲಿ ಸ್ವತಃ ಅವರಿಗೇ ಉತ್ಸಾಹ ಇಳಿದಿತ್ತಂತೆ. ಲಂಡನ್‌ನಂಥ ಊರಲ್ಲಿ ಡಿಸೆಂಬರ್ ಹಗಲು 8 ಗಂಟೆಯೂ ಇರುವುದಿಲ್ಲ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಶಿವಮೊಗ್ಗದಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಜಾಸ್ತಿ. ಚಳಿಗಾಲದಲ್ಲಿ ಬೆಳಿಗ್ಗೆ ಇಬ್ಬನಿ ಇರುತ್ತೆ ನಿಜ, ಆದರೆ ಹೊತ್ತೇರಿದ ಹಾಗೆ ಒಳ್ಳೆ ಬಿಸಿಲು. ಜೊತೆಗೆ ಅಡಿಕೆ ಕೊಯ್ಲಿನ ಕಾಲ ಬೇರೆ. ಅಂಗಳದ ತುಂಬಾ ಜನ, ಸುಲಿಯುವವರು, ಬೇಯಿಸುವವರು, ಮಾತು. ನಮ್ಮ ಕತ್ತಲೆ ಕಾಲ ಅಂದರೆ ಮಳೆಗಾಲವೇ. ಲೆಕ್ಕದಲ್ಲಿ ಜೂನ್ ಹಗಲು ವರ್ಷದಲ್ಲೇ ಉದ್ದ, ಸುಮಾರು 13 ಗಂಟೆ. ಆ ಬೆಳಕನ್ನೆಲ್ಲ ಮೋಡ ನುಂಗಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪುನರ್ವಸು, ಪುಷ್ಯ ಮಳೆ ಹೊತ್ತಲ್ಲಿ ಬೆಳಿಗ್ಗೆ ಹತ್ತೋ ಸಂಜೆ ಐದೋ ಗೊತ್ತಾಗಲ್ಲ, ಅಲ್ವಾ?

ಹಾಗಾದರೆ ನಿಮ್ಮದು ಕಾಯಿಲೆಯಾ? ಮಳೆಗೆ ಬೇಸರ ಬರುವುದು, ಕರಿದ ಹಪ್ಪಳ ಬೇಕು ಅನಿಸುವುದು ಎಲ್ಲರಿಗೂ ಇದ್ದದ್ದೇ. ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸವೂ ರುಚಿಸದಿರುವುದು, ನಿದ್ದೆ ಅಥವಾ ಊಟ ವಿಪರೀತ ಏರುಪೇರಾಗುವುದು, ಇವು ಎರಡು ವಾರಕ್ಕೂ ಮೀರಿ ನಡೆದು ದಿನದ ಕೆಲಸಕ್ಕೆ ಅಡ್ಡ ಬಂದರೆ ಅದನ್ನು ವೈದ್ಯರು ಖಿನ್ನತೆ ಎಂದು ನೋಡುತ್ತಾರೆ. ಕನಿಷ್ಠ ಎರಡು ವರ್ಷ ಅದೇ ಋತುವಿಗೆ ಬಂದು, ಋತು ಮುಗಿದ ಮೇಲೆ ಹೋದರೆ ಋತುವಿನ ಖಿನ್ನತೆ ಅನ್ನುತ್ತಾರೆ. ಆ ಋತು ಚಳಿಗಾಲವೇ ಆಗಿರಬೇಕು ಅಂತೇನಿಲ್ಲ. ನೀವು ಹೇಳುವುದು ಇದಕ್ಕೆ ತುಂಬಾ ಹತ್ತಿರ ಇದೆ. ಖಚಿತವಾಗಿ ಹೇಳಬೇಕಾದವರು ನಿಮ್ಮನ್ನು ಎದುರು ಕೂರಿಸಿಕೊಂಡು ಮಾತಾಡಿಸುವ ವೈದ್ಯರು.

ಇಲ್ಲಿ ಇನ್ನೊಂದು ವಿಷಯ ಬೇರೆ ಮಾಡಿ ನೋಡಬೇಕು. ಪ್ರತಿ ವರ್ಷ ಅದೇ ಋತುವಿಗೆ ಬರುವ ಕಷ್ಟವೂ ಮನಸ್ಸನ್ನು ಹಿಂಡಬಹುದು. ನಮ್ಮಲ್ಲಿ ಅದು ಅಡಿಕೆಯ ಕೊಳೆರೋಗ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಸೋಣ ಅಂದರೆ ಮಳೆ ಬಿಡುವು ಕೊಡಲ್ಲ. ಬಿಡುವು ಸಿಕ್ಕ ದಿನ ಮರ ಹತ್ತುವ ಕೊನೆಗಾರ ಸಿಗಲ್ಲ. ಬೆಳಿಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಕೊಳೆತ ಹಸಿಕಾಯಿ ಉದುರಿ ಹಾಸಿರುತ್ತದೆ. ಅದರ ಜೊತೆ ಸಾಲದ ಕಂತು, ಮಕ್ಕಳ ಫೀಸು. ನಿಮ್ಮ ಭಾರ ಇದೇ ಆಗಿದ್ದರೆ ಬೆಳಕೊಂದರಿಂದ ಅದು ಇಳಿಯಲ್ಲ. ಅದನ್ನು ಮನೆಯವರ ಜೊತೆ ಕೂತು ಲೆಕ್ಕ ಬರೆದು ಮಾತಾಡಲೇಬೇಕು. ಎಷ್ಟೋ ಮನೆಗಳಲ್ಲಿ ಎರಡೂ ಬೆರೆತಿರುತ್ತದೆ. ಎಷ್ಟೋ ಗಂಡಸರಲ್ಲಂತೂ ಇದು ಬೇಸರವಾಗಿ ಕಾಣುವುದೇ ಇಲ್ಲ, ಸಿಟ್ಟಾಗಿ ಕಾಣುತ್ತದೆ. "ಥಂಡಿಗೆ ಒಂದು ಪೆಗ್" ಎಂದು ಶುರುವಾದದ್ದು ದಿನಾ ಆಗುತ್ತದೆ. ಮದ್ಯ ನಿದ್ದೆಯನ್ನೂ ಕೆಡಿಸುತ್ತದೆ, ಮನಸ್ಸನ್ನೂ ಇನ್ನಷ್ಟು ಕುಗ್ಗಿಸುತ್ತದೆ.

ಇನ್ನು ಬೆಳಕಿಗೆ ಬರೋಣ. ನೋಡಲು ಕಣ್ಣಿಗೆ ಬೆಳಕು ಬೇಕು, ಸರಿ. ಆದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿ ಬೇರೆ ಒಂದು ಬಗೆಯ ಜೀವಕೋಶಗಳೂ ಇವೆ. ಹೊರಗೆ ಎಷ್ಟು ಬೆಳಕಿದೆ ಎಂದು ಮೆದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಬೆಳಿಗ್ಗೆ ಚೆನ್ನಾಗಿ ಬೆಳಕು ಬಿದ್ದರೆ ರಾತ್ರಿಯ ಹಾರ್ಮೋನ್ ಮೆಲಟೋನಿನ್ ಇಳಿಯುತ್ತದೆ, ಮೈ ಎಚ್ಚರಾಗುತ್ತದೆ. ಸುದ್ದಿ ಸರಿಯಾಗಿ ಮುಟ್ಟದಿದ್ದರೆ ಹಗಲಿಡೀ ಅರೆನಿದ್ದೆಯ ಹಾಗೆ.

ಈಗ ನಮ್ಮ ಮನೆಗಳನ್ನು ನೋಡಿ. ಇಳಿಮಾಡು, ಚಿಕ್ಕ ಕಿಟಕಿ, ಸುತ್ತ ಮರ. ಎರಚಲು ಹೊಡೆಯಬಾರದು ಎಂದು ಮೇ ಕೊನೆಗೆ ಜಗುಲಿಗೆ ಸುತ್ತಲೂ ಕಟ್ಟುತ್ತೇವೆ, ಹಿಂದೆ ಸೋಗೆ ತಟ್ಟಿ, ಈಗ ಟಾರ್ಪಾಲು. ಅಲ್ಲಿಗೆ ಒಳಗೆ ಬರುತ್ತಿದ್ದ ಅಷ್ಟು ಬೆಳಕೂ ಬಂದ್. ಬೆಳಕನ್ನು ಅಳೆಯುವುದು ಲಕ್ಸ್ ಲೆಕ್ಕದಲ್ಲಿ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಿಗುವುದು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ಹಗಲಲ್ಲೂ ಬಯಲಿಗೆ ಹೋಗಿ ನಿಂತರೆ ಸಾಮಾನ್ಯವಾಗಿ 1,000 ದಾಟುತ್ತದೆ, ಮೋಡ ತೆಳುವಿದ್ದರೆ 10,000ದವರೆಗೂ ಹೋಗುತ್ತದೆ. ಅಂದರೆ ಬಿಸಿಲು ಬರಲಿ ಎಂದು ಕಾಯಬೇಕಾಗಿಲ್ಲ. ಕೊಡೆ ಹಿಡಿದು ಹೊರಗೆ ಹೋದರೆ ಸಾಕು.

ಎದ್ದ ಮೇಲೆ ಆದಷ್ಟು ಬೇಗ, ಮಳೆ ಸ್ವಲ್ಪ ಹಗುರಾದಾಗ, ಅರ್ಧ ಗಂಟೆ ಗದ್ದೆ ಬಯಲಿನ ಕಡೆಯೋ ರಸ್ತೆಗೋ ಹೋಗಿ ಬನ್ನಿ. ತೋಟದೊಳಗಲ್ಲ, ಅಲ್ಲಿ ಕತ್ತಲೆ ಜಾಸ್ತಿ. ಇಂಬಳದ (ಜಿಗಣೆಯ) ಭಯ ಇದ್ದರೆ ಡಾಂಬರು ರಸ್ತೆಯೇ ಇರಲಿ. ಗುಡುಗು ಸಿಡಿಲಿದ್ದರೆ ಬೇಡ. ಹೋಗೋಕೆ ಆಗದ ದಿನ ಜಗುಲಿಯ ಪೂರ್ವದ ಬದಿ ಟಾರ್ಪಾಲು ಎತ್ತಿ ಕಟ್ಟಿ ಅಲ್ಲಿ ಕೂತು ಕಾಫಿ ಕುಡಿಯಿರಿ, ತರಕಾರಿ ಹೆಚ್ಚಿ. ಹಂಚಿನ ಮನೆಯಾದರೆ ಅಡುಗೆಮನೆ ಮೇಲೆ ನಾಲ್ಕು ಗಾಜಿನ ಹಂಚು ಹಾಕಿಸಿ. ಇರುವ ಗಾಜಿನ ಹಂಚಿಗೆ ಪಾಚಿ ಕಟ್ಟಿದ್ದರೆ ಮಳೆಗೆ ಮೊದಲೇ ತಿಕ್ಕಿಸಿ. ನನ್ನ ಪ್ರಕಾರ ಮಲೆನಾಡಿನ ಮನೆಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ವಿದೇಶದಲ್ಲಿ ಇದಕ್ಕೆಂದೇ ಬೆಳಕಿನ ಪೆಟ್ಟಿಗೆ ಬಳಸುತ್ತಾರೆ. 10,000 ಲಕ್ಸ್ ದೀಪದ ಮುಂದೆ ಬೆಳಿಗ್ಗೆ ಸುಮಾರು 30 ನಿಮಿಷ ಕೂರುವುದು. ಚಳಿಗಾಲದ ಖಿನ್ನತೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಕೊಳ್ಳುವುದು ಕಷ್ಟ. ಕಣ್ಣಿನ ರೆಟಿನಾ ತೊಂದರೆ ಇದ್ದವರು, ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಅತಿಯಾಗಿ ಕುಗ್ಗುವ ಬೈಪೋಲಾರ್ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಬಳಸಲೇಬಾರದು.

ಬೆಳಕಿನಷ್ಟೇ ಮುಖ್ಯ ಜನ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ನೆಟ್‌ವರ್ಕ್ ಇರಲ್ಲ. ಪಕ್ಕದ ಮನೆ ಅಂದರೂ ಒಂದು ಗುಡ್ಡ ಇಳಿದು ಹತ್ತಬೇಕು. ಹಿಂದಿನವರು ಮಳೆಗಾಲದಲ್ಲೇ ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ಕೂರಿಸುತ್ತಿದ್ದರು. ಒಂದೇ ಮಾಡಿನ ಕೆಳಗೆ ರಾತ್ರಿಯಿಡೀ ಜನ. ನಿಮ್ಮೂರಲ್ಲಿ ಅದು ಉಳಿದಿದ್ದರೆ ಹೋಗಿ. ಇಲ್ಲದಿದ್ದರೆ ವಾರಕ್ಕೊಂದು ಮನೆಯಲ್ಲಿ ಭಜನೆಯೋ ಸ್ವಸಹಾಯ ಸಂಘದ ಸಭೆಯೋ ಇರಲಿ. ಮನಸ್ಸು ಬಂದ ಮೇಲೆ ಹೋಗುತ್ತೇನೆ ಅಂದುಕೊಂಡರೆ ಹೋಗುವುದೇ ಇಲ್ಲ. ಮೊದಲು ಹೋಗಬೇಕು, ಮನಸ್ಸು ಆಮೇಲೆ ಬರುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಕಲಿಸುವುದರಲ್ಲಿ ಇದೂ ಒಂದು. ಅಮೆರಿಕದಲ್ಲಿ ಚಳಿಗಾಲದ ಖಿನ್ನತೆಗೆ ಬೆಳಕಿನ ಚಿಕಿತ್ಸೆಯನ್ನೂ ಸಿಬಿಟಿಯನ್ನೂ ಹೋಲಿಸಿ ನೋಡಿದ್ದಾರೆ. ಮೊದಲ ವರ್ಷ ಎರಡೂ ಸಮ. ಎರಡು ಚಳಿಗಾಲ ಕಳೆದ ಮೇಲೆ ಸಿಬಿಟಿ ಕಲಿತವರಲ್ಲಿ ಕಾಯಿಲೆ ಮರಳಿ ಬಂದದ್ದು ಕಡಿಮೆ.

ವೈದ್ಯರ ಹತ್ತಿರ ಹೋದಾಗ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬೇಕಾ ಅಂತ ಕೇಳಿ. ಇವುಗಳ ತೊಂದರೆಯಲ್ಲೂ ಇದೇ ಸುಸ್ತು, ಇದೇ ಬೇಸರ ಇರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ದಾರಿ ಕುಸಿದು ಹೋಗೋಕೆ ಆಗಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ. ಆ ದಿನವೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಆ ನಂಬರಿಗೆ ಕರೆ ಮಾಡಿ. ತೋಟಕ್ಕೆ ಹೊಡೆಯುವ ವಿಷದ ಔಷಧಿ ಇಡುವ ಕೋಣೆಗೆ ಬೀಗ ಹಾಕಿ ಕೀಲಿಕೈ ಬೇರೆಯವರ ಹತ್ತಿರ ಇರಲಿ. ಮನೆಯವರು ಇದನ್ನು ಓದುತ್ತಿದ್ದರೆ, ಬೇಸರದಲ್ಲಿರುವವರು ಕೇಳುವವರೆಗೆ ಕಾಯಬೇಡಿ, ನೀವೇ ಬೀಗ ಹಾಕಿ.

ನಿಮ್ಮ ವಿಷಯದಲ್ಲಿ ಒಂದು ಅನುಕೂಲ ಇದೆ. ಅದು ಯಾವಾಗ ಬರುತ್ತದೆ ಎಂದು ಮೊದಲೇ ಗೊತ್ತು. ಈ ಸಲ ಬೇಸರ ಶುರುವಾದ ದಿನ, ಹೋದ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ಮೇ ತಿಂಗಳಲ್ಲಿ, ಟಾರ್ಪಾಲು ಕಟ್ಟುವ ಮೊದಲು, ಅದನ್ನು ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ. ಕೆಲವರಿಗೆ ಋತು ಶುರುವಾಗುವ ಮುಂಚೆಯೇ ಔಷಧಿ ಕೊಟ್ಟು, ಮುಗಿದ ಮೇಲೆ ನಿಧಾನವಾಗಿ ನಿಲ್ಲಿಸುತ್ತಾರೆ. ನಿಮಗೆ ಅದು ಬೇಕಾ ಬೇಡವಾ ಎಂದು ಅವರು ಹೇಳುತ್ತಾರೆ.