ಎದುರಿನ ಹಲ್ಲಿನ ಲೆಕ್ಕ

ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ, ಇದು ಎಷ್ಟು ವರ್ಷ ಬಾಳುತ್ತದೆ ಎಂಬುದು. ದಂತವಿಜ್ಞಾನವೂ ಬಹುಕಾಲ ಇದೇ ಪ್ರಶ್ನೆಯ ಬೆನ್ನು ಹತ್ತಿತ್ತು. ತುಂಬಿದ ವಸ್ತು ಎದುರಿನ ಹಲ್ಲನ್ನು ಎಷ್ಟು ಸವೆಸುತ್ತದೆ ಎಂಬುದಕ್ಕೆ ಅಷ್ಟೇ ತೂಕ ಬಂದದ್ದು ತಡವಾಗಿ.

ಹಲ್ಲಿನ ಹೊರಪದರವಾದ ಎನಾಮೆಲ್‌ನ ತೂಕದಲ್ಲಿ ಸುಮಾರು ಶೇ 96ರಷ್ಟು ಖನಿಜವೇ ಇದ್ದು, ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೂ ದವಡೆ ಹಲ್ಲುಗಳು ಪರಸ್ಪರ ತಾಗುವ ಜಾಗದಲ್ಲಿ ಅದು ವರ್ಷಕ್ಕೆ ಸುಮಾರು 30 ಮೈಕ್ರೋಮೀಟರ್, ಅಂದರೆ ಒಂದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, ಸವೆಯುತ್ತದೆ. ಬೀಸುವ ಕಲ್ಲಿನಂತೆ ಮೇಲಿನದೂ ಕೆಳಗಿನದೂ ಜೊತೆಜೊತೆಗೆ ಸವೆಯುವವರೆಗೆ ತೊಂದರೆಯಿಲ್ಲ; ಒಂದು ಕಲ್ಲನ್ನು ಬದಲಿಸಿದಾಗಲೇ ತಕರಾರು.

19ನೆಯ ಶತಮಾನದಲ್ಲಿ ಹಲ್ಲು ತುಂಬಲು ಬಳಕೆಗೆ ಬಂದ ಬೆಳ್ಳಿ–ಪಾದರಸದ ಅಮಾಲ್ಗಮ್, 1890ರ ದಶಕದಲ್ಲಿ ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್ ಅದರ ಮಿಶ್ರಣವನ್ನು ಹದಗೊಳಿಸಿದ ಮೇಲೆ, ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾಯಿತು. ಅದನ್ನು ಮೂಲೆಗೆ ತಳ್ಳಿದ್ದು ಸವೆತವಲ್ಲ, ಬಣ್ಣ ಮತ್ತು ಪಾದರಸ. ಐರೋಪ್ಯ ಒಕ್ಕೂಟ 2025ರ ಜನವರಿ 1ರಿಂದ ಅದರ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿದೆ.

ಹಲ್ಲಿನದೇ ಬಣ್ಣದ ಕಾಂಪೊಸಿಟ್‌ಗೆ ದಾರಿ ತೆರೆದದ್ದು ದಂತ ಸಂಶೋಧಕ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ರಾಳ. ಆ ರಾಳದಲ್ಲಿ ಗಾಜು ಅಥವಾ ಸ್ಫಟಿಕಶಿಲೆಯ ಪುಡಿಯನ್ನು ಬೆರೆಸುತ್ತಾರೆ. ಆರಂಭದ ಕಾಂಪೊಸಿಟ್‌ಗಳಲ್ಲಿ ಈ ಕಣಗಳು ದಪ್ಪವಾಗಿದ್ದವು. ಅಗಿಯುವಾಗ ಮೆತ್ತನೆಯ ರಾಳ ಮೊದಲು ಸವೆದು, ಮಳೆಗೆ ಮಣ್ಣು ಕೊಚ್ಚಿಹೋದ ರಸ್ತೆಯ ಜಲ್ಲಿಯಂತೆ ಕಣಗಳು ಮೇಲೆದ್ದು, ಕೊನೆಗೆ ಒಂದೊಂದಾಗಿ ಕಿತ್ತುಬಂದು ಗುಂಡಿ ಬೀಳುತ್ತಿತ್ತು. ದವಡೆ ಹಲ್ಲಿನಲ್ಲಿ ಕೆಲವೇ ವರ್ಷಗಳಲ್ಲಿ ತುಂಬಿದ ಭಾಗ ತಗ್ಗುತ್ತಿತ್ತು. ಕಣಗಳನ್ನು 0.04 ಮೈಕ್ರೋಮೀಟರಿನಷ್ಟು ಸಣ್ಣದಾಗಿಸಿದಾಗ ಹೊಳಪು ಬಂತಾದರೂ ಪುಡಿಯ ಪ್ರಮಾಣ ತಗ್ಗಿ ಬಲ ಸಾಲದಾಯಿತು. ಸಣ್ಣ, ದೊಡ್ಡ ಕಣಗಳನ್ನು ಬೆರೆಸಿದ ಮಿಶ್ರಣಗಳೇ ಸವೆತವನ್ನು ಎನಾಮೆಲ್‌ನ ಹತ್ತಿರಕ್ಕೆ ತಂದವು.

ಪಿಂಗಾಣಿ ಕ್ಯಾಪ್‌ನ ಕಥೆ ಇದಕ್ಕೆ ತಿರುವುಮುರುವು: ತಾನು ಅಷ್ಟಾಗಿ ಸವೆಯದೆ ಎದುರಿನ ಹಲ್ಲನ್ನು ಅದು ತೇಯುತ್ತದೆ. ಎನಾಮೆಲ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಗಡಸಾದ ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್‌ನ ಕ್ಯಾಪ್ ಬಂದಾಗ ಗಾಬರಿ ಹೆಚ್ಚಿದ್ದು ಸಹಜವೇ. ಆದರೆ ಪ್ರಯೋಗಾಲಯದ ಪರೀಕ್ಷೆಗಳಲ್ಲಿ, ಚೆನ್ನಾಗಿ ಪಾಲಿಶ್ ಮಾಡಿದ ಜಿರ್ಕೋನಿಯಾ ಹಳೆಯ ಪಿಂಗಾಣಿಗಿಂತ ಕಡಿಮೆಯೇ ಸವೆಸಿತು. ಪಿಂಗಾಣಿಯ ಮೇಲ್ಮೈ ಚಕ್ಕೆಯೆದ್ದು ಚೂಪಾಗುತ್ತದೆ; ಜಿರ್ಕೋನಿಯಾ ನಯವಾಗಿಯೇ ಉಳಿಯುತ್ತದೆ. ಗಡಸುತನಕ್ಕಿಂತ ಮೇಲ್ಮೈಯ ಒರಟುತನವೇ ದೊಡ್ಡ ಅಪರಾಧಿ.

ಕ್ಯಾಪ್ ಕೂರಿಸುವಾಗ ವೈದ್ಯರು ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ ತಗ್ಗಿಸುತ್ತಾರೆ. ಅಲ್ಲಿ ಹೊಳಪಿನ ಲೇಪ ಹೋಗಿ, ಕಣ್ಣಿಗೆ ಕಾಣದ ಮರಳು ಕಾಗದವೊಂದು ಉಳಿಯುತ್ತದೆ. ಆಮೇಲೆ ರಬ್ಬರ್ ಚಕ್ರದಿಂದ ಮತ್ತೆ ಪಾಲಿಶ್ ಮಾಡುವ ಆ ಕೆಲವು ನಿಮಿಷಗಳು ಎದುರಿನ ಹಲ್ಲಿಗಾಗಿ.