ಕಟ್ಟಡ ಹೊಸದು, ಹುಡುಗರು ಮಾರಾಟಕ್ಕೆ: ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಸಿಟ್ಟಿನ ಹಿನ್ನೆಲೆ

2025ರ ಆಗಸ್ಟ್ ಒಂದೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ನಡೆದದ್ದಿಷ್ಟು. 5 ಕೋಟಿ ಪೌಂಡ್ ವೆಚ್ಚದಲ್ಲಿ ನವೀಕರಿಸಿದ ಕ್ಯಾರಿಂಗ್ಟನ್ ತರಬೇತಿ ಕೇಂದ್ರದ ಮುಖ್ಯ ಕಟ್ಟಡ ತೆರೆಯಿತು. ಆ ಬೇಸಿಗೆಯಲ್ಲಿ ಮುಂಚೂಣಿಗೆಂದು ಕೊಂಡ ಮೂವರು ಆಟಗಾರರಿಗೆ ತೆತ್ತ ಹಣ ಸುಮಾರು 20 ಕೋಟಿ ಪೌಂಡ್ ಮುಟ್ಟಿತು. ತಿಂಗಳ ಕೊನೆಯ ವಾರದಲ್ಲಿ ತಂಡ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಎದುರು ಪೆನಾಲ್ಟಿಯಲ್ಲಿ ಸೋತು ಲೀಗ್ ಕಪ್‌ನಿಂದ ಹೊರಬಿತ್ತು. ಕ್ಲಬ್ ಕಿರಿಯರನ್ನು ಬೆಳೆಸುವ ಅಕಾಡೆಮಿಯಿಂದ ಬಂದ ಅಲೆಹಾಂದ್ರೊ ಗರ್ನಾಚೊ 4 ಕೋಟಿ ಪೌಂಡ್‌ಗೆ ಚೆಲ್ಸಿ ಪಾಲಾದ. ಅದೇ ಅಕಾಡೆಮಿಯ ಕೋಬಿ ಮೈನೂ, ಆಡುವ ಅವಕಾಶ ಸಿಗುತ್ತಿಲ್ಲ, ಎರವಲಾಗಿ ಬೇರೆ ಕ್ಲಬ್ಬಿಗೆ ಕಳುಹಿಸಿ ಎಂದು ಕೇಳಿಕೊಂಡ, ಕ್ಲಬ್ ಒಪ್ಪಲಿಲ್ಲ. ಹದಿನೈದು ತಿಂಗಳ ಹಿಂದೆ, 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2–1ರಿಂದ ಮಣಿಸಿದಾಗ ಎರಡೂ ಗೋಲು ಹೊಡೆದವರು ಇವರಿಬ್ಬರೇ.

ಇಷ್ಟನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಹಣವಿಲ್ಲ ಎಂದರೆ ಖರೀದಿ ನಡೆದೇ ಇದೆ. ಕಟ್ಟಡ ಹಳತಾಗಿದೆ ಎಂದರೆ ಈಗ ಹೊಸದಾಗಿದೆ. ಅಕಾಡೆಮಿ ಬರಡಾಗಿದೆ ಎನ್ನೋಣವೆಂದರೆ ಅಲ್ಲಿಂದ ಬಂದವರು ಫೈನಲ್ ಗೆಲ್ಲಿಸಿದ್ದಾರೆ. ಹಾಗಾದರೆ ಅಭಿಮಾನಿಗಳ ದೂರು ಯಾವುದರ ಬಗ್ಗೆ? ತರಬೇತಿ ಕೇಂದ್ರ, ಅಕಾಡೆಮಿ, ತಂಡದ ರಚನೆ ಎಂದು ಮೂರು ಬೇರೆ ಬೇರೆ ಅಹವಾಲುಗಳಂತೆ ಕಾಣುವ ಇವು ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. ಶನಿವಾರದ ಪಂದ್ಯದಲ್ಲಿ ಕಣ್ಣಿಗೆ ಕಾಣುವುದಕ್ಕೆ ಈ ಕ್ಲಬ್ಬಿನಲ್ಲಿ ಹಣ ಹೇಗೋ ಒದಗಿದೆ. ಕಾಣದ್ದು ಮುಂದಿನ ವರ್ಷಕ್ಕೆ ಕಾದಿದೆ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. 1938ರಲ್ಲಿ ಕ್ಲಬ್ ಕಿರಿಯರಿಗಾಗಿ ಪ್ರತ್ಯೇಕ ಸಂಸ್ಥೆ ಕಟ್ಟಿತು. 1953ರಿಂದ 1957ರವರೆಗೆ ಎಫ್‌ಎ ಯೂತ್ ಕಪ್‌ನ ಮೊದಲ ಐದು ವರ್ಷದ ಪ್ರಶಸ್ತಿಗಳನ್ನೂ ಗೆದ್ದಿತು. ಆ ಹುಡುಗರಲ್ಲಿ ಕೆಲವರನ್ನು 1958ರ ಮ್ಯೂನಿಕ್ ವಿಮಾನ ದುರಂತ ಕೊಂಡೊಯ್ಯಿತು. ಕೋಚ್ ಮ್ಯಾಟ್ ಬಸ್ಬಿ ಮತ್ತೆ ತಂಡ ಕಟ್ಟಿ 1968ರಲ್ಲಿ ಯುರೋಪಿಯನ್ ಕಪ್ ಗೆದ್ದರು. 1992ರ ಯೂತ್ ಕಪ್ ತಂಡದಿಂದ ಬಂದವರು 1999ರ ಮೂರು ಪ್ರಶಸ್ತಿಗಳ ವರ್ಷದಲ್ಲಿ ತಂಡದ ಬೆನ್ನೆಲುಬಾಗಿದ್ದರು. ಇವರೆಲ್ಲ ಬೆಳೆದದ್ದು ಸಾಲ್ಫರ್ಡಿನ ‘ದಿ ಕ್ಲಿಫ್’ ಎಂಬ ಇಕ್ಕಟ್ಟಾದ ಮೈದಾನದಲ್ಲಿ ಎಂಬುದನ್ನು ಹಳಬರು ಇಂದಿಗೂ ನೆನಪಿಸುತ್ತಾರೆ, ‘ಕಟ್ಟಡದಿಂದ ಆಟಗಾರ ಹುಟ್ಟುವುದಿಲ್ಲ’ ಎಂಬ ವಾದಕ್ಕೆ ಸಾಕ್ಷಿಯಾಗಿ. ವಾದ ಕೇಳಲು ಚೆನ್ನಾಗಿದೆ. ಆದರೆ ಆಗ ಎದುರಾಳಿಗಳ ಮೈದಾನಗಳೂ ಹಾಗೆಯೇ ಇದ್ದವು.

1937ರ ಅಕ್ಟೋಬರಿನಿಂದ ಇಲ್ಲಿಯವರೆಗೆ ಆಡಿದ ನಾಲ್ಕು ಸಾವಿರಕ್ಕೂ ಹೆಚ್ಚು ಪಂದ್ಯಗಳಲ್ಲಿ, ತಾನೇ ಬೆಳೆಸಿದ ಒಬ್ಬ ಆಟಗಾರನಾದರೂ ಇಲ್ಲದೆ ಯುನೈಟೆಡ್ ಕಣಕ್ಕಿಳಿದಿಲ್ಲ. ಕ್ಲಬ್ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಬೇಕಾದದ್ದೇ. ಒಂದು ಸಣ್ಣ ಷರತ್ತನ್ನು ಮಾತ್ರ ಗಮನಿಸಬೇಕು: ಈ ದಾಖಲೆಗೆ ಹುಡುಗ ಆಡಲೇಬೇಕೆಂದಿಲ್ಲ, ಬದಲಿ ಆಟಗಾರರ ಬೆಂಚಿನಲ್ಲಿ ಕೂತಿದ್ದರೂ ಸಾಕು.

ಕ್ಯಾರಿಂಗ್ಟನ್ ಕೇಂದ್ರ ಅಧಿಕೃತವಾಗಿ ಉದ್ಘಾಟನೆಯಾದದ್ದು 2000ದಲ್ಲಿ. ನೂರು ಎಕರೆಗೂ ಹೆಚ್ಚಿನ ಜಾಗ, ಊರಿನ ಗದ್ದಲದಿಂದ ದೂರ. ಕೆಲವೇ ಸಮಯದಲ್ಲಿ ಅಕಾಡೆಮಿಯೂ ಅಲ್ಲಿಗೇ ಬಂತು. ಇಂಗ್ಲೆಂಡಿನ ಬೇರೆ ಕ್ಲಬ್‌ಗಳು ನೋಡಿ ಕಲಿಯಲು ಬರುತ್ತಿದ್ದ ಕಾಲವದು. ಕಲಿತೂ ಬಿಟ್ಟವು. ಟಾಟೆನ್‌ಹ್ಯಾಮ್ 2012ರಲ್ಲಿ ಎನ್‌ಫೀಲ್ಡ್‌ನಲ್ಲಿ ಹೊಸ ಕೇಂದ್ರಕ್ಕೆ ಹೋಯಿತು. ಪಕ್ಕದ ಮ್ಯಾಂಚೆಸ್ಟರ್ ಸಿಟಿ 2014ರ ಡಿಸೆಂಬರಿನಲ್ಲಿ 20 ಕೋಟಿ ಪೌಂಡಿನ ಅಕಾಡೆಮಿ ಆವರಣ ತೆರೆಯಿತು. ಯುನೈಟೆಡ್‌ಗಿಂತ ಎಷ್ಟೋ ಕಡಿಮೆ ಆದಾಯದ ಲೆಸ್ಟರ್ ಸಿಟಿ ಕೂಡ 2020ರಲ್ಲಿ ಸೀಗ್ರೇವ್‌ನಲ್ಲಿ ಭಾರಿ ಕೇಂದ್ರ ಕಟ್ಟಿತು.

ಈ ನಡುವೆ 2005ರಲ್ಲಿ ಕ್ಲಬ್ಬಿನ ಒಡೆತನ ಬದಲಾಗಿತ್ತು. ಅಮೆರಿಕದ ಗ್ಲೇಸರ್ ಕುಟುಂಬ 79 ಕೋಟಿ ಪೌಂಡ್ ಮೌಲ್ಯದಲ್ಲಿ ಅದನ್ನು ಕೊಂಡಿತು. ಆ ಹಣದ ದೊಡ್ಡ ಪಾಲು ಸಾಲ, ಆ ಸಾಲ ಕುಳಿತದ್ದು ಕ್ಲಬ್ಬಿನ ಹೆಗಲ ಮೇಲೆ. ಇಂಗ್ಲೆಂಡಿನ ಕಾನೂನಿನಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ. ಅಂದಿನಿಂದ ಬಡ್ಡಿ, ಮರುಪಾವತಿ, ಲಾಭಾಂಶವೆಂದು ಹೊರಹೋದದ್ದು ನೂರು ಕೋಟಿ ಪೌಂಡ್‌ಗೂ ಮೇಲು ಎಂಬ ಲೆಕ್ಕ ಅಲ್ಲಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. 2010ರಲ್ಲಿ ಅಭಿಮಾನಿಗಳು ಕ್ಲಬ್ಬಿಗೆ ನ್ಯೂಟನ್ ಹೀತ್ ಎಂಬ ಹೆಸರಿದ್ದ ಕಾಲದ ಹಸಿರು–ಹೊಂಬಣ್ಣದ ಶಾಲು ಹೊದ್ದು ಪ್ರತಿಭಟಿಸಿದರು. ಆದರೆ ಕೋಚ್ ಅಲೆಕ್ಸ್ ಫರ್ಗ್ಯುಸನ್ ಗೆಲ್ಲುತ್ತಲೇ ಇದ್ದರು. ಕಪ್ ಬರುತ್ತಿರುವ ಮನೆಯ ಗೋಡೆ ಬಿರುಕು ಬಿಟ್ಟಿದ್ದನ್ನು ಯಾರು ನೋಡುತ್ತಾರೆ?

2013ರಲ್ಲಿ ಫರ್ಗ್ಯುಸನ್ ನಿವೃತ್ತರಾದರು. ಅದೇ ವರ್ಷ ಇನ್ನೊಂದು ಒಪ್ಪಂದವಾಯಿತು, ಅದು ಈ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ತರಬೇತಿ ಉಡುಪು ಮತ್ತು ತರಬೇತಿ ಕೇಂದ್ರದ ಹೆಸರಿನ ಹಕ್ಕನ್ನು ಕ್ಲಬ್ ಎಂಟು ವರ್ಷಗಳಿಗೆ ವಿಮಾ ದಲ್ಲಾಳಿ ಸಂಸ್ಥೆ ಏಯಾನ್‌ಗೆ ಮಾರಿತು. ವರದಿಯಾದ ಮೊತ್ತ ವರ್ಷಕ್ಕೆ ಸುಮಾರು 1.5 ಕೋಟಿ ಪೌಂಡ್. ಎಂಟು ವರ್ಷಕ್ಕೆ ಲೆಕ್ಕ ಹಾಕಿದರೆ, ಈಗಿನ ನವೀಕರಣಕ್ಕೆ ತಗುಲಿದ ಹಣದ ಎರಡು ಪಟ್ಟಿಗೂ ಹೆಚ್ಚು. ಕಟ್ಟಡ ತನ್ನ ದುರಸ್ತಿಯ ಹಣವನ್ನು ತಾನೇ ದುಡಿದಿತ್ತು ಎನ್ನಬಹುದು. ಆ ದುಡಿಮೆ ಅದರ ಗೋಡೆಗೆ ಬಂದು ಸೇರಲಿಲ್ಲ.

ಆ ಗೋಡೆಗಳೊಳಗಿನ ಸ್ಥಿತಿ ಜಗತ್ತಿಗೆ ತಿಳಿದದ್ದು 2022ರ ನವೆಂಬರಿನಲ್ಲಿ. 2009ರಲ್ಲಿ ಕ್ಲಬ್ ಬಿಟ್ಟು 2021ರಲ್ಲಿ ಮರಳಿದ್ದ ಕ್ರಿಸ್ಟಿಯಾನೊ ರೊನಾಲ್ಡೊ, ಟಿ.ವಿ. ಸಂದರ್ಶನವೊಂದರಲ್ಲಿ ಈಜುಕೊಳ, ಜಿಮ್, ಅಡುಗೆಮನೆ ಯಾವುದೂ ತಾನು ಹೋದಾಗಿನಿಂದ ಬದಲಾಗಿಲ್ಲ ಎಂದರು. ಸಂದರ್ಶನದ ಉಳಿದ ಮಾತುಗಳಿಗೆ ಅಭಿಮಾನಿಗಳಲ್ಲಿ ಬಹುಮಂದಿ ಸಿಟ್ಟಾದರು, ಕೆಲವೇ ದಿನಗಳಲ್ಲಿ ರೊನಾಲ್ಡೊ ಕ್ಲಬ್ಬಿನಿಂದ ಹೊರಗಿದ್ದರು. ಈ ಒಂದು ಮಾತನ್ನು ಮಾತ್ರ ಅಲ್ಲಗಳೆಯುವುದು ಕಷ್ಟವಾಯಿತು. ಅದಕ್ಕೂ ಮುಂಚೆ, 2021ರ ಏಪ್ರಿಲ್‌ನಲ್ಲಿ ದೊಡ್ಡ ಕ್ಲಬ್‌ಗಳೇ ಸೇರಿ ಪ್ರತ್ಯೇಕ ಟೂರ್ನಿ ಕಟ್ಟಹೊರಟ ಯುರೋಪಿಯನ್ ಸೂಪರ್ ಲೀಗ್ ಯೋಜನೆ ಕುಸಿದ ವಾರ, ಅಭಿಮಾನಿಗಳ ಗುಂಪೊಂದು ಕ್ಯಾರಿಂಗ್ಟನ್‌ಗೇ ನುಗ್ಗಿ ದಾರಿ ಅಡ್ಡಗಟ್ಟಿತ್ತು. ತರಬೇತಿ ಕೇಂದ್ರ ಅಷ್ಟರಲ್ಲಿ ಜಗಳದ ಅಂಗಳವೇ ಆಗಿತ್ತು.

2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡು ಫುಟ್‌ಬಾಲ್ ವ್ಯವಹಾರದ ಹೊಣೆ ಹೊತ್ತರು. ಮೂಲಸೌಕರ್ಯಕ್ಕೆಂದು 30 ಕೋಟಿ ಡಾಲರ್ ಹೂಡುವ ಮಾತೂ ಒಪ್ಪಂದದಲ್ಲಿತ್ತು. ಕ್ಯಾರಿಂಗ್ಟನ್ ಕೆಲಸ ಆರಂಭವಾದದ್ದು ಹೀಗೆ. ಅದರ ಜೊತೆಗೇ ಎರಡು ಸುತ್ತಿನಲ್ಲಿ ನೂರಾರು ಸಿಬ್ಬಂದಿ ಕೆಲಸ ಕಳೆದುಕೊಂಡರು. ಕಟ್ಟಡದ ಕೆಲಸ ನಡೆಯುವಷ್ಟು ಕಾಲ ಪುರುಷರ ತಂಡಕ್ಕೆ ಜಾಗ ಬೇಕಿತ್ತಲ್ಲ, 2023ರಲ್ಲಷ್ಟೇ ಮಹಿಳಾ ತಂಡ ಮತ್ತು ಅಕಾಡೆಮಿಗೆಂದು ತೆರೆದಿದ್ದ ಕಟ್ಟಡಕ್ಕೆ ಅವರು ಬಂದರು. ಮಹಿಳೆಯರು ತಾತ್ಕಾಲಿಕ ಕಟ್ಟಡಗಳಿಗೆ ಹೋದರು. ಆ ಮಹಿಳಾ ತಂಡ 2024ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಫೈನಲ್‌ನಲ್ಲಿ ಟಾಟೆನ್‌ಹ್ಯಾಮ್ ತಂಡವನ್ನು 4–0ರಿಂದ ಸೋಲಿಸಿತ್ತು. 2005ರಲ್ಲಿ ಮುಚ್ಚಿ 2018ರಲ್ಲಿ ಮತ್ತೆ ಕಟ್ಟಿದ ತಂಡಕ್ಕೆ ಅದು ಮೊದಲ ದೊಡ್ಡ ಪ್ರಶಸ್ತಿ. ಕಾರಣಗಳೇನೇ ಇರಲಿ, ಯಾರು ಯಾರಿಗೆ ಜಾಗ ಬಿಡಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ಇನ್ನು ಅಕಾಡೆಮಿ. ಇದೇ ನಿಜವಾಗಿ ಸಿಕ್ಕು ಬಿದ್ದಿರುವ ಭಾಗ, ಇಲ್ಲಿ ಸ್ವಲ್ಪ ಲೆಕ್ಕಶಾಸ್ತ್ರ ಬೇಕು.

ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗಿನಲ್ಲಿ 2025–26ರವರೆಗಿನ, ಪಿಎಸ್‌ಆರ್ (ಲಾಭ ಮತ್ತು ಸುಸ್ಥಿರತೆಯ ನಿಯಮ) ಎಂದು ಕರೆಯುವ ನಿಯಮದ ಪ್ರಕಾರ ಕ್ಲಬ್ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡುವಂತಿರಲಿಲ್ಲ. ಮೀರಿದರೆ ಅಂಕ ಕಡಿತ. 2023–24ರಲ್ಲಿ ಎವರ್ಟನ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅದನ್ನು ಅನುಭವಿಸಿದವು. ಈಗ 6 ಕೋಟಿ ಕೊಟ್ಟು ಐದು ವರ್ಷದ ಒಪ್ಪಂದಕ್ಕೆ ಆಟಗಾರನನ್ನು ಕೊಂಡರೆ, ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೆ 1.2 ಕೋಟಿಯಂತೆ ಖರ್ಚು ಬೀಳುತ್ತದೆ. ಎರಡು ವರ್ಷದ ಬಳಿಕ ಅವನನ್ನು 3 ಕೋಟಿಗೆ ಮಾರಿದರೆ ಇನ್ನೂ 3.6 ಕೋಟಿ ಬಾಕಿ ಮೌಲ್ಯ ಉಳಿದಿರುತ್ತದೆ, ಅಂದರೆ 60 ಲಕ್ಷ ನಷ್ಟ. ಅಕಾಡೆಮಿಯಲ್ಲಿ ಬೆಳೆದ ಹುಡುಗನಿಗೆ ಇಂಥ ಖರೀದಿ ಬೆಲೆಯೇ ಇಲ್ಲ. ಅವನನ್ನು 2.5 ಕೋಟಿಗೆ ಮಾರಿದರೆ ಅಷ್ಟೂ ಆ ವರ್ಷದ ಲಾಭ. ದುಬಾರಿ ಬೆಲೆಗೆ ತಂದ ಆಟಗಾರ ವಿಫಲನಾದರೆ ಅವನನ್ನು ಮಾರುವುದು ಕಷ್ಟ, ಮನೆಯ ಹುಡುಗ ಯಶಸ್ವಿಯಾದರೆ ಅವನನ್ನು ಮಾರುವುದು ಸುಲಭ.

ಈ ಆಮಿಷ ಯುನೈಟೆಡ್ ಒಂದಕ್ಕೇ ಇದ್ದದ್ದಲ್ಲ. 2024ರ ಜೂನ್ 30ರ ಲೆಕ್ಕದ ಗಡುವಿಗೆ ಮುಂಚಿನ ದಿನಗಳಲ್ಲಿ ಚೆಲ್ಸಿ, ಆ್ಯಸ್ಟನ್ ವಿಲಾ, ಎವರ್ಟನ್ ಪರಸ್ಪರರ ಯುವ ಆಟಗಾರರನ್ನು ಕೊಂಡು ಮಾರಿದ ಭರಾಟೆ ಎಲ್ಲರಿಗೂ ನೆನಪಿದೆ. ಚೆಲ್ಸಿ ತನ್ನದೇ ಅಕಾಡೆಮಿಯ ಮೇಸನ್ ಮೌಂಟ್‌ನನ್ನು 2023ರಲ್ಲಿ ಮಾರಿ ಪೂರ್ತಿ ಲಾಭ ಬರೆದುಕೊಂಡಿತು, 5.5 ಕೋಟಿ ಕೊಟ್ಟು ಕೊಂಡದ್ದು ಯುನೈಟೆಡ್.

ಆದರೆ ಯುನೈಟೆಡ್ ಪಟ್ಟಿ ನೋಡಿದರೆ ಅಭಿಮಾನಿಗಳ ಕಹಿ ಅರ್ಥವಾಗುತ್ತದೆ. ಐದನೇ ವಯಸ್ಸಿನಿಂದ ಕ್ಲಬ್ಬಿನಲ್ಲಿದ್ದ ಸ್ಕಾಟ್ ಮೆಕ್‌ಟಾಮಿನೆ 2024ರ ಆಗಸ್ಟ್‌ನಲ್ಲಿ ಸುಮಾರು 2.5 ಕೋಟಿಗೆ ನಾಪೋಲಿ ಸೇರಿದರು. ಮುಂದಿನ ಮೇ ಹೊತ್ತಿಗೆ ಇಟಲಿಯ ಲೀಗ್ ಗೆದ್ದು ಆ ಋತುವಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆಂಥೊನಿ ಎಲಾಂಗ 2023ರಲ್ಲಿ ಸುಮಾರು 1.5 ಕೋಟಿಗೆ ಫಾರೆಸ್ಟ್‌ಗೆ ಹೋದರು. ಎರಡು ವರ್ಷದಲ್ಲಿ ಫಾರೆಸ್ಟ್ ಅವರನ್ನು 5 ಕೋಟಿಗೂ ಮಿಕ್ಕಿದ ಬೆಲೆಗೆ ನ್ಯೂಕ್ಯಾಸಲ್‌ಗೆ ಮಾರಿತು. ಮಾರ್ಕಸ್ ರ‍್ಯಾಷ್‌ಫರ್ಡ್ ಮೊದಲು ವಿಲಾಗೆ, ಬಳಿಕ ಬಾರ್ಸಿಲೋನಾಗೆ ಎರವಲು ಹೋದರು. ಇದಕ್ಕೆ ತಿರುಗುಮುರುಗಿನ ಹಳೆಯ ಉದಾಹರಣೆಯೂ ಇದೆ: 2012ರಲ್ಲಿ ಯುವಂಟಸ್ ಸೇರಿಕೊಂಡ ಅಕಾಡೆಮಿಯ ಪಾಲ್ ಪೊಗ್ಬಾನನ್ನು 2016ರಲ್ಲಿ ಮರಳಿ ತರಲು ಕ್ಲಬ್ ಕೊಟ್ಟದ್ದು 8.9 ಕೋಟಿ ಪೌಂಡ್, ಆ ಕಾಲದ ವಿಶ್ವದಾಖಲೆ.

ಇಲ್ಲಿ ಒಂದು ಅಂಶವನ್ನು ಎತ್ತಿ ಹೇಳಲೇಬೇಕು, ಏಕೆಂದರೆ ‘ನಿಯಮ ಕೈ ಕಟ್ಟಿತ್ತು’ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ಅದೇ ಪಿಎಸ್‌ಆರ್ ನಿಯಮದಲ್ಲಿ ಅಕಾಡೆಮಿ, ಮಹಿಳಾ ಫುಟ್‌ಬಾಲ್ ಮತ್ತು ಮೂಲಸೌಕರ್ಯದ ಖರ್ಚನ್ನು ನಷ್ಟದ ಲೆಕ್ಕದಿಂದ ಕಳೆಯಲು ಅವಕಾಶವಿತ್ತು. ಈಜುಕೊಳ ಕಟ್ಟಿದ್ದಕ್ಕೆ ಯಾವ ಕ್ಲಬ್ಬಿನ ಅಂಕವೂ ಕಡಿತವಾಗುತ್ತಿರಲಿಲ್ಲ. ತರಬೇತಿ ಕೇಂದ್ರಕ್ಕೆ ಅಡ್ಡಬಂದದ್ದು ನಿಯಮವಲ್ಲ, ಕೈಯಲ್ಲಿ ಉಳಿಯುತ್ತಿದ್ದ ನಗದು ಮತ್ತು ಅದನ್ನು ಎಲ್ಲಿಗೆ ಮೊದಲು ಹರಿಸಬೇಕು ಎಂಬ ನಿರ್ಧಾರ.

ಹರಿದದ್ದು ತಂಡಕ್ಕೆ, ಅದೂ ದಿಕ್ಕು ಬದಲಿಸುತ್ತ. 2013ರ ನಂತರ ಡೇವಿಡ್ ಮೊಯೆಸ್‌ರಿಂದ ರೂಬೆನ್ ಅಮೋರಿಮ್‌ವರೆಗೆ ಬಂದ ಪ್ರತಿಯೊಬ್ಬ ಕೋಚ್‌ಗೂ ಆಟದ ಬಗ್ಗೆ ಬೇರೆಯೇ ಕಲ್ಪನೆ. ಒಬ್ಬರು ಎತ್ತಾಗಿ ಏರಿಗೆಳೆದರೆ ಇನ್ನೊಬ್ಬರು ಕೋಣವಾಗಿ ನೀರಿಗೆಳೆದರು. ಒಬ್ಬರಿಗೆಂದು ಕೊಂಡವರು ಮತ್ತೊಬ್ಬರಿಗೆ ಹೊರೆಯಾದರು. ಅಂಚಿನಲ್ಲಿ ಚೆಂಡು ಕೊಂಡೊಯ್ಯುವ ವಿಂಗರ್‌ಗಳನ್ನು ಬೆಳೆಸುವುದು ಯುನೈಟೆಡ್ ಅಕಾಡೆಮಿಯ ತಲೆಮಾರುಗಳ ಅಭ್ಯಾಸ. ಅಮೋರಿಮ್ 2024ರ ನವೆಂಬರಿನಲ್ಲಿ ತಂದ, ಹಿಂದೆ ಮೂವರು ರಕ್ಷಕರನ್ನು ನಿಲ್ಲಿಸುವ 3-4-2-1 ವಿನ್ಯಾಸದಲ್ಲಿ ಅಂಥ ವಿಂಗರ್‌ಗೆ ಜಾಗವೇ ಇರಲಿಲ್ಲ. ಗರ್ನಾಚೊ, ರ‍್ಯಾಷ್‌ಫರ್ಡ್ ಹೊರನಡೆದುದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಹತ್ತು ವರ್ಷ ಹಿಡಿಯುವ ಅಕಾಡೆಮಿಯ ಕೆಲಸ, ಹದಿನೆಂಟು ತಿಂಗಳಿಗೊಮ್ಮೆ ಬದಲಾಗುವ ವಿನ್ಯಾಸಕ್ಕೆ ಹೊಂದಿಕೊಳ್ಳಬೇಕೆಂದರೆ ಹೇಗೆ? ಆ 2024–25ರ ಋತುವಿನಲ್ಲಿ ಯುನೈಟೆಡ್ 42 ಅಂಕಗಳೊಂದಿಗೆ 15ನೇ ಸ್ಥಾನಕ್ಕೆ ಇಳಿಯಿತು, ಯುರೋಪಾ ಲೀಗ್ ಫೈನಲ್‌ನಲ್ಲೂ ಸೋತಿತು. ಅದೇ ವರ್ಷದ ಆದಾಯ 66.65 ಕೋಟಿ ಪೌಂಡ್, ಕ್ಲಬ್ಬಿನ ಇತಿಹಾಸದಲ್ಲೇ ಹೆಚ್ಚು.

ಹೊರಗಿನಿಂದ ಎಳೆಯರನ್ನು ತರುವ ದಾರಿಯೂ ಕಿರಿದಾಗಿದೆ. ಬ್ರೆಕ್ಸಿಟ್ ನಂತರ, 2021ರ ಜನವರಿಯಿಂದ, ಇಂಗ್ಲೆಂಡಿನ ಕ್ಲಬ್‌ಗಳು ವಿದೇಶದ 18 ವರ್ಷದೊಳಗಿನವರನ್ನು ಸೇರಿಸಿಕೊಳ್ಳುವಂತಿಲ್ಲ. ಮ್ಯಾಡ್ರಿಡ್‌ನಿಂದ ಗರ್ನಾಚೊ ಬಂದದ್ದು ಬಾಗಿಲು ಮುಚ್ಚುವ ಮುಂಚಿನ ತಿಂಗಳುಗಳಲ್ಲಿ. 2022ರ ಯೂತ್ ಕಪ್ ಫೈನಲ್‌ಗೆ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ 67 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು, ಅಂದು ಎರಡು ಗೋಲು ಅವನದೇ. ಹುಡುಗರ ಪಂದ್ಯಕ್ಕೆ ಅಷ್ಟು ಜನ ಬರುವ ಊರಿನಲ್ಲಿ, ಹುಡುಗರನ್ನು ಮಾರಿದ್ದು ಬರೀ ಲೆಕ್ಕಪತ್ರದ ಸುದ್ದಿಯಾಗಿ ಉಳಿಯುವುದಿಲ್ಲ.

ಪಿಎಸ್‌ಆರ್ ಬದಲಿಗೆ 2026–27ರಿಂದ ಹೊಸ ನಿಯಮ ತರಲು ಲೀಗಿನ ಕ್ಲಬ್‌ಗಳು 2025ರ ನವೆಂಬರಿನಲ್ಲಿ ಮತ ಹಾಕಿದವು. ಆದಾಯದ ಶೇ 85ರೊಳಗೆ ತಂಡದ ವೆಚ್ಚ ಇರಬೇಕು ಎಂಬುದು ಅದರ ತಿರುಳು. ಆಟಗಾರರ ಮಾರಾಟದ ಲಾಭವೂ ಆ ಲೆಕ್ಕದಲ್ಲಿ ಸೇರುವುದರಿಂದ ಅಕಾಡೆಮಿ ಹುಡುಗನ ಮೇಲಿನ ಆಮಿಷ ಪೂರ್ತಿ ಹೋಗುವುದಿಲ್ಲ. ಇತ್ತ 2025ರ ಮಾರ್ಚ್‌ನಲ್ಲಿ ಕ್ಲಬ್ ಒಂದು ಲಕ್ಷ ಆಸನಗಳ, 200 ಕೋಟಿ ಪೌಂಡ್ ಅಂದಾಜಿನ ಹೊಸ ಕ್ರೀಡಾಂಗಣವನ್ನು ಘೋಷಿಸಿತು. ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅಂದು ಹೇಳಲಿಲ್ಲ. ಆ ಹಣಕ್ಕೂ ಸಾಲವೇ ದಾರಿಯಾದರೆ, ಬಡ್ಡಿ ಕಟ್ಟುವ ವರ್ಷಗಳಲ್ಲಿ ಕ್ಯಾರಿಂಗ್ಟನ್‌ನ ಮುಂದಿನ ದುರಸ್ತಿ ಮತ್ತು ಅಕಾಡೆಮಿಯ ಮುಂದಿನ ತಲೆಮಾರು ಯಾವ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ ಎಂದು ಅಭಿಮಾನಿಗಳು ಈಗಲೇ ಕೇಳುತ್ತಿದ್ದಾರೆ.