300 ಡಿಪಿಐ ಇದ್ದರೂ ಟೀ-ಶರ್ಟ್ ಮೇಲೆ ಚಿತ್ರ ಮಸುಕೇಕೆ?

ಪ್ರಶ್ನೆ: ಟೀ-ಶರ್ಟ್, ಮಗ್ ಡಿಸೈನ್ ಮಾಡುವ ನಮ್ಮ ವೆಬ್‌ಸೈಟಿನಲ್ಲಿ ಚಿತ್ರ ಅಪ್‌ಲೋಡ್ ಮಾಡುವಾಗಲೇ ಗ್ರಾಹಕರು ಬಿಟ್ಟು ಹೋಗುತ್ತಾರೆ. 300 ಡಿಪಿಐಗಿಂತ (ಇಂಚಿಗೆ ಎಷ್ಟು ಚುಕ್ಕಿ ಎಂಬ ಅಳತೆ) ಕಡಿಮೆ ಇರುವ ಫೈಲನ್ನು ನಾವು ತಡೆಯುತ್ತೇವೆ. ಆದರೂ ಪ್ರಿಂಟ್ ಮಸುಕು ಎಂಬ ದೂರು ನಿಂತಿಲ್ಲ. ಏನು ಮಾಡೋಣ?

ಉತ್ತರ: ಆ ತಡೆಯನ್ನು ಇವತ್ತೇ ತೆಗೆಯಿರಿ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಫೈಲಿನೊಳಗೆ ಬರೆದಿರುವ ಡಿಪಿಐ ಬರೀ ಒಂದು ಚೀಟಿ. 25 ಕೆಜಿ ಅಕ್ಕಿ ಮೂಟೆಗೆ 50 ಕೆಜಿ ಎಂದು ಚೀಟಿ ಅಂಟಿಸಿದರೆ ಅಕ್ಕಿ ಹೆಚ್ಚುತ್ತದೆಯೇ? 1200 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಗಲದ ಚಿತ್ರದ ಚೀಟಿಯಲ್ಲಿ 72 ಇದ್ದುದನ್ನು 300 ಎಂದು ತಿದ್ದಿದರೂ ಒಳಗಿರುವುದು ಅದೇ 1200 ಪಿಕ್ಸೆಲ್. ಎದೆಯ ಮೇಲೆ 12 ಇಂಚು ಅಗಲಕ್ಕೆ ಎಳೆದರೆ ಇಂಚಿಗೆ ಸಿಗುವುದು 100 ಪಿಕ್ಸೆಲ್ ಮಾತ್ರ. ಆದರೂ ನಿಮ್ಮ ಟೂಲ್ ಅದನ್ನು ಒಳಗೆ ಬಿಡುತ್ತದೆ. ಇತ್ತ ಮೊಬೈಲಿನ 4000 × 3000 ಫೋಟೋ ಅದೇ 12 ಇಂಚಿಗೆ 333 ಕೊಡುತ್ತದೆ. ಚೀಟಿಯಲ್ಲಿ 72 ಎಂದಿರುವ ಒಂದೇ ಕಾರಣಕ್ಕೆ ಈ ಒಳ್ಳೆಯ ಫೋಟೋ ವಾಪಸ್ ಹೋಗುತ್ತದೆ. ಎಷ್ಟೋ ಪಿಎನ್‌ಜಿ ಫೈಲುಗಳಲ್ಲಂತೂ ಆ ಚೀಟಿಯೇ ಇರುವುದಿಲ್ಲ.

ಇನ್ನು ‘ಫೋಟೋಶಾಪ್‌ನಲ್ಲಿ 300 ಮಾಡಿಸಿಕೊಂಡು ಬಂದೆವು’ ಎನ್ನುವವರು. ರೀಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆ ಬದಲಿಸುವ ಆಯ್ಕೆ) ಟಿಕ್ ತೆಗೆದು ಮಾಡಿದರೆ ಬದಲಾಗುವುದು ಚೀಟಿ ಮಾತ್ರ. ಟಿಕ್ ಇಟ್ಟು ಮಾಡಿದರೆ 1200 ಪಿಕ್ಸೆಲ್ 5000 ಆಗುತ್ತದೆ ನಿಜ, ಆದರೆ ಹೊಸ ಪಿಕ್ಸೆಲ್‌ಗಳೆಲ್ಲ ಅಕ್ಕಪಕ್ಕದ ಬಣ್ಣ ನೋಡಿ ತುಂಬಿಸಿದವು. ಮಸುಕು ದೊಡ್ಡದಾಯಿತೇ ಹೊರತು ವಿವರ ಬರಲಿಲ್ಲ.

ಹಾಗಾದರೆ ಮಾಡಬೇಕಾದ್ದು: ಫೈಲಿನ ಪಿಕ್ಸೆಲ್ ಅಗಲವನ್ನು ಗ್ರಾಹಕರು ಬಟ್ಟೆಯ ಮೇಲೆ ಇಟ್ಟಿರುವ ಇಂಚಿನಿಂದ ಭಾಗಿಸಿ. ಚಿತ್ರ ಎಳೆದಾಗಲೆಲ್ಲ ಈ ಲೆಕ್ಕ ಮತ್ತೆ ಆಗಬೇಕು, ಪಕ್ಕದಲ್ಲಿ ಇಂಚು ಕಾಣಬೇಕು. ಬಟ್ಟೆಗೆ ಇಂಚಿಗೆ 200 ಪಿಕ್ಸೆಲ್ ಬಂದರೆ ಚೆನ್ನ. 150ಕ್ಕಿಂತ ಇಳಿದರೆ ಎಚ್ಚರಿಸಿ, ತಡೆಯಬೇಡಿ. ಎಚ್ಚರಿಕೆಯಲ್ಲಿ ಡಿಪಿಐ ಎಂಬ ಪದವೇ ಬೇಡ. ‘ಈ ಅಳತೆಯಲ್ಲಿ ಮಸುಕಾಗುತ್ತದೆ. 8 ಇಂಚಿಗೆ ಇಳಿಸಲೇ?’ ಎಂದು ಕೇಳಿ, ಅಲ್ಲೇ ಒಂದು ಬಟನ್ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ಕುಗ್ಗಿರುತ್ತದೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ ಎಂಬ ಸಾಲೂ ಅಪ್‌ಲೋಡ್ ಬಟನ್ ಕೆಳಗಿರಲಿ. ಐಫೋನಿನ ಫೋಟೋ ರೂಪವಾದ ಎಚ್‌ಇಐಸಿ ಫೈಲನ್ನು ನೀವೇ ಪರಿವರ್ತಿಸಿಕೊಳ್ಳಿ.

ಕೇಳಿಲ್ಲ, ಆದರೂ ಹೇಳಲೇಬೇಕು: ನವೆಂಬರ್ ಹತ್ತಿರವಾದಂತೆ ‘ಕನ್ನಡ ರಾಜ್ಯೋತ್ಸವ’ ಎಂದು ಕಮಾನಿನಂತೆ ಬಾಗಿಸಿ ಬರೆಯುವವರು ಹೆಚ್ಚುತ್ತಾರೆ. ‘ರಾಜ್ಯೋತ್ಸವ’ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯುನಿಕೋಡ್‌ನಲ್ಲಿ ಹತ್ತು ಸಂಕೇತ. ಬಾಗಿಸುವ ಕೋಡ್ ಇಂಗ್ಲಿಷಿನಂತೆ ಒಂದೊಂದೇ ಸಂಕೇತವನ್ನು ಬಿಡಿಸಿ ಇಟ್ಟರೆ ಯ ಒತ್ತು, ಸ ಒತ್ತು ಕಳಚಿ ಬೀಳುತ್ತವೆ. ಮೊದಲು ಇಡೀ ಪದವನ್ನು ಹಾರ್ಫ್‌ಬಜ್‌ನಂಥ ಶೇಪಿಂಗ್ (ಸಂಕೇತಗಳನ್ನು ಜೋಡಿಸಿ ಒತ್ತು ಸಹಿತ ಅಕ್ಷರರೂಪ ಕೊಡುವ) ಎಂಜಿನ್‌ಗೆ ಕೊಟ್ಟು ರೇಖಾಕೃತಿ ಮಾಡಿಕೊಳ್ಳಿ, ಆಮೇಲೆ ಬಾಗಿಸಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಸ್ಲೈಡರ್‌ಗೂ ಇದೇ ಕ್ರಮ. ಪರೀಕ್ಷೆಗೆ ‘ಅಮ್ಮ’ ಸಾಲದು. ‘ಸ್ವಾತಂತ್ರ್ಯ’ ಟೈಪ್ ಮಾಡಿ ನೋಡಿ.